ಜಾಕ್‌ಪಾಟ್ ಹೊಡೆದ ಮೇಲೆ ಬರುವ ಕಾಗದ

ಫೆಬ್ರವರಿ, ಮಾರ್ಚ್ ಬಂತೆಂದರೆ ನಮ್ಮವರು ತಂದುಕೊಡುವ ಕವರ್‌ಗಳಲ್ಲಿ ಸಂಬಳದ ಡಬ್ಲ್ಯೂ-2 ಜೊತೆ ಒಂದೆರಡು ಡಬ್ಲ್ಯೂ-2ಜಿ ಕೂಡ ಇಣುಕುತ್ತವೆ. ಕ್ಯಾಸಿನೋ ಕೊಡುವ ಕಾಗದ ಅದು. "ಸಾರ್, ಅಟ್ಲಾಂಟಿಕ್ ಸಿಟೀದು, ಮನೇಲಿ ಗೊತ್ತಿಲ್ಲ, ಹೇಳ್ಬೇಡಿ" ಅಂತಾರೆ. ಜಂಟಿ ರಿಟರ್ನ್‌ಗೆ ಹೆಂಡತಿಯ ಸಹಿಯೂ ಬೇಕು ಮಾರಾಯರೇ, ನಾನು ಎಲ್ಲಿ ಬಚ್ಚಿಡಲಿ?

ಕಳೆದ ಬೇಸಿಗೆಯಲ್ಲಿ ಎಡಿಸನ್‌ನ ಒಬ್ಬರು ಊರಿಂದ ಬಂದಿದ್ದ ತಂದೆಯನ್ನು ಅಟ್ಲಾಂಟಿಕ್ ಸಿಟಿಗೆ ಕರೆದೊಯ್ದರು. ಬೋರ್ಡ್‌ವಾಕ್ ನೋಡಿ, ತಮಾಷೆಗೆ ಸ್ಲಾಟ್ ಮೆಷಿನ್ ಮುಂದೆ ಕೂತ ಯಜಮಾನರಿಗೆ 2,400 ಡಾಲರ್ ಹೊಡೆಯಿತು. ಮೆಷಿನ್ ನಿಂತಿತು, ಸಿಬ್ಬಂದಿ ಬಂದು ಪಾಸ್‌ಪೋರ್ಟ್ ಕೇಳಿದರು. ಕೈಗೆ ಬಂದದ್ದು 1,680 ಮಾತ್ರ. ಮಗ "ನನ್ನ ಹೆಸರಿಗೆ ಬರ್ಕೊಳ್ಳಿ" ಅಂದರೂ ಅವರು ಒಪ್ಪಲಿಲ್ಲ. ಒಪ್ಪದಿದ್ದದ್ದೇ ಒಳ್ಳೆಯದಾಯ್ತು. ಗೆದ್ದವರು ಒಬ್ಬರು, ಫಾರ್ಮ್ ಇನ್ನೊಬ್ಬರ ಹೆಸರಲ್ಲಿ ಎಂದರೆ ಅದು ಸುಳ್ಳು ಹೇಳಿಕೆ. ವೀಸಾದಲ್ಲಿ ಇರುವವರು ಆಡುವ ಆಟ ಅಲ್ಲ ಅದು.

ಹಿಡಿದ 720 ಡಾಲರ್ ಶೇ. 30ರ ಲೆಕ್ಕ. ತೆರಿಗೆ ದೃಷ್ಟಿಯಲ್ಲಿ ಇಲ್ಲಿನ ನಿವಾಸಿ ಅಲ್ಲದವರಿಗೆ ಇದೇ ದರ, ಕಾಗದ ಡಬ್ಲ್ಯೂ-2ಜಿ ಅಲ್ಲ, 1042-ಎಸ್. ಮೊದಲ ಐದು ವರ್ಷದ ಎಫ್-1 ವಿದ್ಯಾರ್ಥಿಗಳೂ ಸಾಮಾನ್ಯವಾಗಿ ಇದೇ ಸಾಲಿನಲ್ಲಿ ಬರುತ್ತಾರೆ. "ರಿಫಂಡ್ ಬರತ್ತಾ?" ಅಂತ ಮಗ ಕೇಳಿದರು. ಬರಲ್ಲ. ಭಾರತದ ಜೊತೆಗಿನ ತೆರಿಗೆ ಒಪ್ಪಂದದಲ್ಲಿ ಜೂಜಿನ ಗೆಲುವಿಗೆ ವಿನಾಯಿತಿ ಇಲ್ಲ, ಸೋಲನ್ನು ಕಳೆಯುವ ಅವಕಾಶವೂ ಇವರಿಗಿಲ್ಲ. ವಿಚಿತ್ರ ಏನಂದ್ರೆ, ಅದೇ ಯಜಮಾನರು ಬ್ಲ್ಯಾಕ್‌ಜಾಕ್ ಅಥವಾ ರೂಲೆಟ್ ಮೇಜಿನಲ್ಲಿ ಗೆದ್ದಿದ್ದರೆ ಇಲ್ಲಿ ಫೆಡರಲ್ ತೆರಿಗೆಯೇ ಇರುತ್ತಿರಲಿಲ್ಲ! ಊರಲ್ಲಿ ಮಾತ್ರ ಈ ಆದಾಯ ತೋರಿಸಲೇಬೇಕು. ಅಲ್ಲೂ ಶೇ. 30, ಮೇಲೆ ಸೆಸ್. ಇಲ್ಲಿ ಕಟ್ಟಿದ್ದಕ್ಕೆ ಅಲ್ಲಿ ಕ್ರೆಡಿಟ್ ಕೇಳಬಹುದು, ಹಾಗಾಗಿ 1042-ಎಸ್ ಎಸೆಯಬೇಡಿ.

ಇನ್ನು ಗ್ರೀನ್ ಕಾರ್ಡ್ ಇರುವವರು, ಎಚ್-1ಬಿಯಲ್ಲಿ ವರ್ಷಗಟ್ಟಲೆ ಇಲ್ಲೇ ಇರುವವರು. ಸ್ಲಾಟ್‌ಗೆ 2025ರವರೆಗೆ 1,200 ಡಾಲರ್ ಮುಟ್ಟಿದರೆ ಡಬ್ಲ್ಯೂ-2ಜಿ ಬರುತ್ತಿತ್ತು, 2026ರಿಂದ ಮಿತಿ 2,000. ಕಾಗದ ಬರಲಿಲ್ಲ ಅಂದ್ರೆ ತೆರಿಗೆ ಇಲ್ಲ ಅಂತ ಅಲ್ಲ. ಫೋನಿನ ಬೆಟ್ಟಿಂಗ್ ಆ್ಯಪ್‌ನಲ್ಲಿ ಗೆದ್ದದ್ದೂ ಆದಾಯವೇ.

ನಮ್ಮವರು ಎಡವೋದು ಇಲ್ಲೇ. "ಎಂಟು ಸಾವಿರ ಗೆದ್ದೆ, ಎಂಟು ಸಾವಿರ ಸೋತೆ, ಸಮಕ್ಕೆ ಸಮ" ಅಂತ ಬರುತ್ತಾರೆ. ಫೆಡರಲ್ ರಿಟರ್ನ್‌ನಲ್ಲಿ ಗೆಲುವು ಪೂರ್ತಿ ಆದಾಯದ ಕಡೆ ಹೋಗುತ್ತದೆ, ಸೋಲು ಬೇರೆ ಕಡೆ, ಶೆಡ್ಯೂಲ್ ಎ-ನಲ್ಲಿ. ಅದನ್ನು ತುಂಬುವುದು ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟವರು ಮಾತ್ರ. 2025ಕ್ಕೆ ದಂಪತಿಗೆ ಅದು 31,500 ಡಾಲರ್. ಮನೆ ಸಾಲದ ಬಡ್ಡಿ, ಪ್ರಾಪರ್ಟಿ ಟ್ಯಾಕ್ಸ್ ಎಲ್ಲ ಸೇರಿ ನಿಮ್ಮದು 20,000 ಇದ್ದರೆ, ಸೋಲಿನ ಎಂಟು ಸೇರಿಸಿದರೂ 28,000. ಸ್ಟ್ಯಾಂಡರ್ಡೇ ಲಾಭ, ಸೋಲು ಗಾಳಿಗೆ ಹೋಯ್ತು. ಶೇ. 22ರ ಹಂತದಲ್ಲಿದ್ದರೆ ಒಂದು ಡಾಲರ್ ಉಳಿಯದ ಆಟಕ್ಕೆ 1,760 ಡಾಲರ್ ತೆರಿಗೆ. ಇದನ್ನು ಹೇಳಿದಾಗ ಎದುರಿಗೆ ಕೂತವರ ಮುಖ ನೋಡೋಕಾಗಲ್ಲ.

2026ರಿಂದ ಇನ್ನೂ ಬಿಗಿ. 2025ರ ಜುಲೈನ ಕಾನೂನಿನಂತೆ ಸೋಲಿನಲ್ಲಿ ಶೇ. 90 ಮಾತ್ರ ಕಳೆಯಬಹುದು. ಪೋಕರ್‌ನಲ್ಲಿ 50,000 ಗೆದ್ದು ಅಷ್ಟೇ ಸೋತವರು, ಶೆಡ್ಯೂಲ್ ಎ ತುಂಬಿದರೂ, 5,000ಕ್ಕೆ ತೆರಿಗೆ ಕಟ್ಟಬೇಕು. ಪೋಕರೇ ವೃತ್ತಿ ಎನ್ನುವವರಿಗೂ ಈ ಕತ್ತರಿ ಇದೆ.

ನ್ಯೂಜೆರ್ಸಿ ಮಾತ್ರ ಸ್ವಲ್ಪ ಕನಿಕರ ತೋರಿಸುತ್ತದೆ. ರಾಜ್ಯದ ರಿಟರ್ನ್‌ನಲ್ಲಿ ಅದೇ ವರ್ಷದ ಸೋಲು ಕಳೆದು ಉಳಿದದ್ದನ್ನಷ್ಟೇ ತೋರಿಸಿದರೆ ಸಾಕು. ಕ್ವೀನ್ಸ್‌ನಲ್ಲಿದ್ದು ಅಟ್ಲಾಂಟಿಕ್ ಸಿಟಿಯಲ್ಲಿ ಗೆದ್ದವರಿಗೆ ಎರಡೂ ರಾಜ್ಯದ ಲೆಕ್ಕ ಬರಬಹುದು. ನ್ಯೂಜೆರ್ಸಿಗೆ ಕಟ್ಟಿದ್ದಕ್ಕೆ ನ್ಯೂಯಾರ್ಕ್ ಕ್ರೆಡಿಟ್ ಕೊಡಬಹುದು.

ಸೋಲು ತೋರಿಸಲು ಪುರಾವೆ ಬೇಕು. ಕ್ಯಾಸಿನೋ ಕಾರ್ಡ್ ಇದ್ದರೆ ವರ್ಷದ ಸೋಲು-ಗೆಲುವಿನ ಸ್ಟೇಟ್‌ಮೆಂಟ್ ಕೇಳಿ ಪಡೆಯಿರಿ. ಅದರ ಜೊತೆ ಒಂದು ಪುಸ್ತಕದಲ್ಲಿ ತಾರೀಖು, ಜಾಗ, ಯಾವ ಆಟ, ಜೊತೆಗೆ ಯಾರಿದ್ದರು, ಎಷ್ಟು ಹೋಯ್ತು, ಎಷ್ಟು ಬಂತು ಅಂತ ಅವತ್ತವತ್ತೇ ಬರೆದಿಡಿ. ಏಪ್ರಿಲ್ 10ಕ್ಕೆ ನನ್ನ ಮುಂದೆ ಕೂತು ನೆನಪಿನಿಂದ ಬರೆಯೋದು ಬೇಡ. ಆ ಪುಸ್ತಕವನ್ನು ಮನೇಲಿ ಎಲ್ಲಿಡೋದು ಅನ್ನೋದು ಮಾತ್ರ ನಿಮಗೇ ಬಿಟ್ಟದ್ದು.