ಏಡಿ ತೂತಿನ ಪಕ್ಕದ ಪ್ಲಾಟು

ಮೃಗಶಿರಾ ಮಳೆ ಎರಡು ದಿನ ಜೋರಾಗಿ ಹೊಡೆಯಿತೆಂದರೆ ಹಾವೇರಿ ಸೀಮೆಯ ಹಳ್ಳ-ಕೆರೆಗಳ ದಂಡೆಯಲ್ಲಿ ಹುಡುಗರ ಸದ್ದು ಶುರುವಾಗುತ್ತದೆ. ಬೇಸಿಗೆಯಿಡೀ ಬದುವಿನ ಬುಡದಲ್ಲೋ ಕೆರೆ ಅಂಗಳದ ಕೆಸರಿನಲ್ಲೋ ತೂತು ಕೊರೆದು ತಣ್ಣಗೆ ಕುಳಿತಿದ್ದ ಏಡಿಗಳು ಹೊರಗೆ ಬರುವ ಹೊತ್ತು ಅದು. ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳಲ್ಲೂ ಇದೇ ಕಥೆ. ಏಡಿ ಹಿಡಿಯುವುದು ಇಲ್ಲಿ ಹೊಟ್ಟೆಪಾಡಿನ ಬೇಟೆಯಲ್ಲ. ಮಳೆಗಾಲದ ಮೋಜು, ಜೊತೆಗೆ ರಾತ್ರಿಯ ಊಟಕ್ಕೆ ಖಾರದ ಸಾರು. ನೆಗಡಿ-ಕೆಮ್ಮಿಗೆ ಏಡಿ ಸಾರೇ ಮದ್ದು ಎಂದು ನಂಬಿದ ಮನೆಗಳಿಗೂ ಇಲ್ಲಿ ಬರವಿಲ್ಲ.

ಸಲಕರಣೆಗೆ ಖರ್ಚಿಲ್ಲ. ಒಂದು ಕೋಲು, ತುದಿಗೆ ದಾರ, ದಾರಕ್ಕೆ ಬಿಗಿದ ಎರೆಹುಳ ಅಥವಾ ಕೋಳಿ ಕರುಳು. ಗಾಳದ ಕೊಕ್ಕೆ ಬೇಕಿಲ್ಲ, ಏಡಿಯ ಹಟವೇ ಕೊಕ್ಕೆ. ತೂತಿನ ಬಾಯಲ್ಲಿ ದಾರ ಆಡಿಸಿದರೆ ಅದು ಕೊಂಡಿಯಲ್ಲಿ ಕಚ್ಚಿ ಹಿಡಿಯುತ್ತದೆ. ಆಮೇಲೆ ಅವಸರ ಮಾಡಬಾರದು; ಜಗ್ಗಿದರೆ ಬಿಟ್ಟುಬಿಡುತ್ತದೆ, ಮೆಲ್ಲಗೆ ಎತ್ತಿದರೆ ದಂಡೆಯವರೆಗೂ ಬರುತ್ತದೆ. ಹಿಂದಿನಿಂದ ಬೆನ್ನಚಿಪ್ಪಿನ ಎರಡೂ ಅಂಚು ಹಿಡಿದರೆ ಕೊಂಡಿ ಬೆರಳಿಗೆ ಸಿಗದು. ಬಲ್ಲವರು ಹಿಡಿದ ತಕ್ಷಣ ಮಗುಚಿ ನೋಡುತ್ತಾರೆ. ಹೊಟ್ಟೆಯ ಮೇಲಿನ ಮಡಿಕೆ ಕಿರಿದಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು. ಆ ಅಗಲವಾದ ಮಡಿಕೆಯೊಳಗೆ ಕಾಳಿನಷ್ಟು ಗಾತ್ರದ ಮರಿಗಳು ಹರಿದಾಡುತ್ತಿದ್ದರೆ ತಾಯಿಯನ್ನು ನೀರಿಗೆ ಬಿಡುವುದು ಒಳ್ಳೆಯದು.

ಆ ಮರಿಗಳಲ್ಲೇ ಇಡೀ ವಿಷಯ ಅಡಗಿದೆ. ಕಾರವಾರ, ಕುಂದಾಪುರ ಕಡೆಯ ಅಳಿವೆಯ ದೊಡ್ಡ ಏಡಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಅದರ ಮರಿಗಳು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಗಳಾಗಿ ಸಮುದ್ರದಲ್ಲಿ ತೇಲಿ ಎಲ್ಲೋ ಹೋಗಿ ನೆಲೆ ಹಿಡಿಯುತ್ತವೆ. ಸಿಹಿನೀರಿನ ಏಡಿಗೆ ಆ ಭಾಗ್ಯವಿಲ್ಲ. ದಖನ್ ಪ್ರಸ್ಥಭೂಮಿಯಲ್ಲಿ ಸಾಮಾನ್ಯವಾದ ಬ್ಯಾರಿಟೆಲ್‌ಫ್ಯೂಸಾ ಜಾತಿಯ ಏಡಿಗಳ ಮೊಟ್ಟೆ ಕಡಿಮೆ, ಒಡೆದಾಗ ಹೊರಬರುವುದು ನೇರವಾಗಿ ಪುಟ್ಟ ಏಡಿಯೇ. ಅದು ತೇಲಿ ಹೋಗುವುದಿಲ್ಲ, ನಡೆದೇ ಹೋಗಬೇಕು. ಹಾಗಾಗಿ ಒಂದು ಕೆರೆಯಂಚಿನ ಏಡಿ ಅಳಿದರೆ ಮತ್ತೆ ಬರುವುದಕ್ಕೆ ಹಳ್ಳ, ಕಾಲುವೆ, ಒದ್ದೆ ಬದುಗಳ ದಾರಿ ಇರಬೇಕು. ಆ ದಾರಿಯನ್ನೇ ಈಗ ಗುಂಟೆ ಲೆಕ್ಕದಲ್ಲಿ ಅಳೆದು ಮಾರುತ್ತಿದ್ದಾರೆ.

ಹಾವೇರಿ 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ದೇವಗಿರಿ ಗುಡ್ಡಕ್ಕೆ ಜಿಲ್ಲಾಡಳಿತ ಹೋಯಿತು. ವೈದ್ಯಕೀಯ ಕಾಲೇಜು, ವಿಶ್ವವಿದ್ಯಾಲಯ ಬಂದವು. ಪುಣೆ-ಬೆಂಗಳೂರು ಹೆದ್ದಾರಿ ಅಗಲವಾಯಿತು. ಊರು ಹೆದ್ದಾರಿಗುಂಟ ಬೆಳೆಯಿತು, ಹೊಲಗಳು ಬಿನ್‌ಶೇತ್ಕಿ (ಕೃಷಿಯೇತರ ಜಮೀನು) ಆದವು. ಬೀಜದ ವ್ಯಾಪಾರಕ್ಕೆ ಹೆಸರಾದ ರಾಣೆಬೆನ್ನೂರಿನಲ್ಲಿ, ಮೆಣಸಿನಕಾಯಿ ಹಣ ಓಡಾಡುವ ಬ್ಯಾಡಗಿಯಲ್ಲಿ ಕೂಡಿಟ್ಟ ದುಡ್ಡು ಮೊದಲು ನೋಡುವುದು ಪ್ಲಾಟಿನ ಕಡೆಗೇ. ಹಾವೇರಿಯ ಹೆಗ್ಗೆರೆ, ರಾಣೆಬೆನ್ನೂರಿನ ದೊಡ್ಡಕೆರೆ, ಕನಕದಾಸರ ಕಾಗಿನೆಲೆಯ ಕೆರೆ, ಇಂಥ ನೀರಿನ ದಂಡೆಯ ಜಾಗವನ್ನು ಒಂದು ಕಾಲದಲ್ಲಿ ಸೊಳ್ಳೆ, ಹಾವು ಎಂದು ಜನ ಬೇಡವೆನ್ನುತ್ತಿದ್ದರು. ಈಗ ತಣ್ಣನೆಯ ಗಾಳಿ, ಸಂಜೆಯ ವಾಕಿಂಗ್ ಎಂದು ಅದಕ್ಕೇ ಬೇಡಿಕೆ.

ನೀರಿನ ಅಂಚಿನ ಮನೆಗೂ ಏಡಿಗೂ ಇರುವ ನಂಟನ್ನು ಕಾನೂನಿನಲ್ಲೇ ಬರೆದಿಟ್ಟ ನಾಡೂ ಒಂದಿದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಚೆಸಪೀಕ್ ಕೊಲ್ಲಿಯಲ್ಲಿ ನೀಲಿ ಏಡಿ ಹಿಡಿಯುವುದು ರಜಾದಿನದ ದೊಡ್ಡ ಹವ್ಯಾಸ. ಅಲ್ಲೂ ದಾರಕ್ಕೆ ಕಟ್ಟುವುದು ಕೋಳಿಯದೇ, ಕರುಳಿನ ಬದಲು ಕತ್ತು! ನೀರಿಗೆ ಚಾಚಿದ ಸ್ವಂತ ಕಟ್ಟೆ ಇರುವ ದಂಡೆಯ ಮನೆಯವರು ಹೆಸರು ನೋಂದಾಯಿಸಿ ಎರಡು ಏಡಿ ಬುಟ್ಟಿ ಇಳಿಬಿಡಬಹುದು. ಅಂದರೆ ಮನೆಯ ಬೆಲೆಯಲ್ಲಿ ಏಡಿಯ ಪಾಲೂ ಇದೆ. ಆದರೆ ಅದೇ ರಾಜ್ಯ 1984ರಲ್ಲೇ ಕಾಯ್ದೆ ತಂದು, ದಂಡೆಯಿಂದ 1,000 ಅಡಿವರೆಗಿನ ಕಟ್ಟಡಗಳಿಗೆ ಲಗಾಮು ಹಾಕಿತು. ನೀರಿಗೆ ತಾಗಿದ ಮೊದಲ 100 ಅಡಿಯಲ್ಲಿ ಗಿಡಮರ ಬಿಡಬೇಕೆಂದಿತು. ಮನೆ ಬೇಕು, ಏಡಿಯೂ ಬೇಕು ಎನ್ನುವವರು ಕೊಟ್ಟ ಬೆಲೆ ಅದು.

ನಮ್ಮಲ್ಲೂ ಹೆಚ್ಚುಕಡಿಮೆ ಆ 100 ಅಡಿಯಷ್ಟೇ ಅಂತರ ನಿಗದಿಯಾಗಿತ್ತು. 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಮನೆ, ವಾಣಿಜ್ಯ ಕಟ್ಟಡ, ಕೈಗಾರಿಕೆ ಕೂಡದೆಂದು ಹೇಳಿತು. 2025ರಲ್ಲಿ, ಕೆರೆ ಸಣ್ಣದಾದಷ್ಟೂ ಈ ಅಂತರವನ್ನು ಇಳಿಸುವ ತಿದ್ದುಪಡಿ ಮಸೂದೆ ಬಂದಾಗ ಪರಿಸರವಾದಿಗಳು ದನಿ ಎತ್ತಿದರು. ಅವರ ಆತಂಕ ಸುಳ್ಳಲ್ಲ. ಏಡಿ, ಕಪ್ಪೆ, ಕೊಕ್ಕರೆಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು ಊರ ಹೊರಗಿನ ಸಣ್ಣ ಕಟ್ಟೆ-ಕುಂಟೆಗಳನ್ನೇ, ಮೊದಲು ಮುಚ್ಚಿಹೋಗುವುದೂ ಅವೇ. ಕುಂಟೆ ಮುಚ್ಚಿ ಮನೆ ಕಟ್ಟುವುದು ತಪ್ಪೆಂದು ಸುಪ್ರೀಂ ಕೋರ್ಟ್ 2001ರಲ್ಲೇ ಉತ್ತರಪ್ರದೇಶದ ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲಿ ಹೇಳಿದೆ. 2011ರಲ್ಲಿ ಪಂಜಾಬಿನ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಇನ್ನೂ ಗಟ್ಟಿಯಾಗಿ ಹೇಳಿ, ಊರ ಕೆರೆ-ಗೋಮಾಳಗಳ ಒತ್ತುವರಿ ತೆರವುಗೊಳಿಸಿ ಎಂದು ಎಲ್ಲ ರಾಜ್ಯಗಳಿಗೂ ಸೂಚಿಸಿತು. ಕಟ್ಟಡಕ್ಕೆ ಎಷ್ಟೇ ಖರ್ಚಾಗಿದ್ದರೂ ಅದು ನೆಪವಾಗದು ಎಂಬುದೂ ಆ ತೀರ್ಪಿನಲ್ಲಿದೆ.

ಒತ್ತುವರಿಯಷ್ಟೇ ಕೆಡುಕು ಮಾಡುವ ಇನ್ನೊಂದಿದೆ, ಅದಕ್ಕೆ ಅಭಿವೃದ್ಧಿ ಎಂದು ಹೆಸರು. ಕೆರೆಯ ಸುತ್ತ ಕಲ್ಲು ಹಾಸಿ, ಕಾಂಕ್ರೀಟ್ ಗೋಡೆ ಎಬ್ಬಿಸಿ, ದೀಪದ ಕಂಬ ನಿಲ್ಲಿಸಿದರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಅದು ಕೆರೆಯಾಗಿ ಉಳಿಯುವುದಿಲ್ಲ, ತೊಟ್ಟಿಯಾಗುತ್ತದೆ. ಏಡಿಗೆ ಬೇಕಾದ್ದು ಇಳಿಜಾರಾದ ಮಣ್ಣಿನ ದಂಡೆ. ಸಿಮೆಂಟಿನಲ್ಲಿ ಅದು ತೂತು ಕೊರೆಯಲಾರದು.

ದಂಡೆ ಉಳಿದರೂ ನೀರು ಕೆಟ್ಟರೆ ಅಲ್ಲಿನ ಬದುಕು ಕೆಡುತ್ತದೆಂಬುದು ರಾಣೆಬೆನ್ನೂರು ತಾಲ್ಲೂಕಿಗೆ ಹೊಸ ಪಾಠವೇನಲ್ಲ. ದೋಣಿ ನಡೆಸುತ್ತಲೇ ವಚನ ಬರೆದ ಅಂಬಿಗರ ಚೌಡಯ್ಯನ ಚೌಡದಾನಪುರ ಇರುವುದು ಇಲ್ಲಿಯೇ, ತುಂಗಭದ್ರೆಯ ದಡದಲ್ಲಿ. ಅದೇ ಹೊಳೆಗೆ ಕುಮಾರಪಟ್ಟಣದ ಕಾರ್ಖಾನೆಯ ತ್ಯಾಜ್ಯ ಸೇರುವುದರ ವಿರುದ್ಧ 1980ರ ದಶಕದಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಜನರನ್ನು ಕಟ್ಟಿ ಹೋರಾಡಿತು.

ಏಡಿಯನ್ನು ಹೊಗಳುತ್ತಾ ಹೋದರೆ ಭತ್ತದ ರೈತ ನಗುತ್ತಾನೆ. ಅವನ ಪಾಲಿಗೆ ಅದು ಎಳೆ ಸಸಿ ಕತ್ತರಿಸುವ, ಬದು ಕೊರೆದು ಗದ್ದೆಯ ನೀರು ಸೋರಿಸುವ ಕಳ್ಳ. ತೂತಿಗೆ ಫೋರೇಟ್‌ನಂಥ ಹರಳು ವಿಷ ಸುರಿಯುತ್ತಿದ್ದುದು ಈ ಸಿಟ್ಟಿನಿಂದಲೇ. ಆ ವಿಷದ ಬಳಕೆ 2020ರ ಕೊನೆಗೆ ದೇಶದಲ್ಲಿ ನಿಷೇಧವಾಗಿದೆ. ಆದರೂ ಔಷಧಿ ಹೊಡೆದ ಗದ್ದೆಯ ಏಡಿಯನ್ನು ತಿನ್ನದಿರುವುದೇ ಲೇಸು. ಹಿಡಿದದ್ದನ್ನು ಅರೆಬೇಯಿಸಿ ತಿನ್ನುವುದಂತೂ ಬೇಡವೇ ಬೇಡ. ಸಿಹಿನೀರಿನ ಏಡಿಯಲ್ಲಿ ಶ್ವಾಸಕೋಶದ ಹುಳುವಿನ ಮರಿ ಇರಬಹುದು. ಅದು ತರುವ ರಕ್ತ ಕೆಮ್ಮನ್ನು ಈಶಾನ್ಯ ರಾಜ್ಯಗಳಲ್ಲಿ ಕ್ಷಯವೆಂದು ತಪ್ಪು ತಿಳಿದದ್ದುಂಟು. ಕುದಿಸಿ ಚೆನ್ನಾಗಿ ಬೇಯಿಸಿದರೆ ಆ ಭಯವಿಲ್ಲ.

ಪ್ಲಾಟು ಕೊಳ್ಳುವವನಿಗೂ ಏಡಿ ಒಂದು ಮಾತು ಹೇಳುತ್ತದೆ. ಅದರ ತೂತು ಸಾಮಾನ್ಯವಾಗಿ ತೇವ ಸಿಗುವವರೆಗೂ ಇಳಿಯುತ್ತದೆ. ನಿವೇಶನದ ಮೂಲೆಯಲ್ಲಿ ಕೆಸರುಂಡೆ ಸುತ್ತಿದ ತೂತು ಕಂಡರೆ ನೆಲದಡಿಯ ನೀರು ದೂರವಿಲ್ಲ, ಮಳೆಗಾಲದಲ್ಲಿ ಅದು ಮೇಲಕ್ಕೂ ಬರಬಹುದು. ಈ ಸೀಮೆಯ ಎರೆ ಮಣ್ಣು ನೀರಿಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಅದರ ಮೇಲಿನ ಗೋಡೆಯೂ ಬಿರಿಯುತ್ತದೆ. 2019ರ ಆಗಸ್ಟ್‌ನಲ್ಲಿ ವರದಾ, ತುಂಗಭದ್ರೆ ಉಕ್ಕಿದಾಗ ಹೊಳೆದಂಡೆಯ ಹಳ್ಳಿಗಳು ಪಟ್ಟ ಪಾಡು ಜಿಲ್ಲೆಯ ಜನಕ್ಕೆ ನೆನಪಿದೆ.

ದಲ್ಲಾಳಿ ಜಾಗ ತೋರಿಸುವುದು ಏಪ್ರಿಲ್‌ನಲ್ಲಿ, ನೆಲ ಒಣಗಿರುವಾಗ. ಮುಂಗಡ ಕೊಡುವ ಮುಂಚೆ ಆಗಸ್ಟ್‌ನಲ್ಲೊಮ್ಮೆ ಹೋಗಿ ನೋಡಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರು ಹಾಕಿ ಹಳ್ಳ, ಕೆರೆ, ಖರಾಬು ಎಲ್ಲಿದೆಯೆಂದು ಪರಿಶೀಲಿಸಿ. ಉತಾರ (ಪಹಣಿ), ಬಿನ್‌ಶೇತ್ಕಿ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಲೇಔಟ್ ನಕ್ಷೆ ಮೂರೂ ಕೈಗೆ ಬರದೆ ಸಹಿ ಹಾಕಬೇಡಿ.