ಯರಗೋಳದ ಅಣೆಯೂ ಕೋಲಾರದ ಕೆರೆಗಳೂ

ಕೋಲಾರ ಸೀಮೆಯ ನೆಲದೊಳಗೆ ಚಿನ್ನ ದೊರೆಯಿತು. ನೆಲದ ಮೇಲೆ ನೀರು ದೊರೆಯಲಿಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎಂಬ ಹೆಸರುಗಳು ಭೂಪಟದಲ್ಲಿದ್ದರೂ ವರುಷವಿಡೀ ಹರಿಯುವ ಹೊಳೆ ಒಂದೂ ಇಲ್ಲಿಲ್ಲ. ಆದುದರಿಂದ ಬಂಗಾರಪೇಟೆ ತಾಲ್ಲೂಕಿನ ಯರಗೋಳದ ಬಳಿ ಗುಡ್ಡಗಳ ನಡುವೆ ಮಾರ್ಕಂಡೇಯ ನದಿಗೆ ಅಣೆಯಾಗಿ, ನೀರು ನಿಂತುದನ್ನು ಕಂಡ ಜನರ ಹರ್ಷ ಸಹಜವಾದುದೇ ಸರಿ. ಆ ಹರ್ಷದಲ್ಲಿ ನಾವೂ ಭಾಗಿಗಳು.

ಸುಮಾರು ಒಂದೂವರೆ ದಶಕ ಎಳೆದ ಈ ಕೆಲಸವು ಮುಗಿದು, 2023ರ ನವೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಅಣೆಯನ್ನು ಲೋಕಾರ್ಪಣ ಮಾಡಿದರು. ಮಾರ್ಕಂಡೇಯವು ತಮಿಳುನಾಡಿಗೆ ಹರಿಯುವ ದಕ್ಷಿಣ ಪಿನಾಕಿನಿಯ ಉಪನದಿ. ನೆರೆರಾಜ್ಯದವರು 1892ರ ಮದರಾಸು-ಮೈಸೂರು ಒಪ್ಪಂದವನ್ನು ಮುಂದಿಟ್ಟು ತಡೆ ಕೋರಿದ್ದರು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಕೋರಿಕೆಯನ್ನು ಮನ್ನಿಸಲಿಲ್ಲ. ಕುಡಿಯುವ ನೀರಿಗಾಗಿ ನಾವು ಕೇಳಿದ್ದು ಭಿಕ್ಷೆಯಲ್ಲ, ನ್ಯಾಯ.

ಆದರೆ ಲೆಕ್ಕವನ್ನು ಮರೆಯಬಾರದು. ಜಲಾಶಯದ ಹಿಡಿತ 50 ಕೋಟಿ ಘನ ಅಡಿ, ಎಂದರೆ ಸುಮಾರು 1,400 ಕೋಟಿ ಲೀಟರು. ಇದನ್ನು ನಂಬಿದವು ಕೋಲಾರ, ಮಾಲೂರು, ಬಂಗಾರಪೇಟೆಗಳೂ 45 ಹಳ್ಳಿಗಳೂ. ಮೂರು ಪಟ್ಟಣಗಳ ಜನಸಂಖ್ಯೆ 2011ರಲ್ಲಿಯೇ ಎರಡು ಲಕ್ಷವನ್ನು ಮೀರಿತ್ತು. ತಲೆಗೆ ದಿನವೊಂದಕ್ಕೆ 135 ಲೀಟರಿನಂತೆ ಕೊಟ್ಟರೆ ಪಟ್ಟಣಗಳಿಗೇ ದಿನಕ್ಕೆ 3 ಕೋಟಿ ಲೀಟರು ಬೇಕು. ಹಳ್ಳಿಗಳ ಪಾಲನ್ನೂ ಬಿಸಿಲಿಗೆ ಆರುವುದನ್ನೂ ಕಳೆದರೆ, ತುಂಬಿದ ಜಲಾಶಯವು ಒಂದು ವರುಷದ ನೀರಿಗಿಂತ ಹೆಚ್ಚನ್ನು ಕೊಡಲಾರದು. ಎರಡು ಮಳೆಗಾಲಗಳು ಒಂದರ ಹಿಂದೊಂದು ಕೈಕೊಟ್ಟರೆ ಗತಿಯೇನು?

ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಪಾಲಾರಿನ ಬೇತಮಂಗಲದ ಕೆರೆಯು ಚಿನ್ನದ ಗಣಿಗಳಿಗೂ ಅಲ್ಲಿನ ಜನರಿಗೂ ಬಹುಕಾಲ ನೀರುಣಿಸಿತು. ಅನಂತರ ಪಾಲಾರಿನ ಹರಿವು ಕುಗ್ಗಿತು, ಕೆರೆ ಬರಿದಾಯಿತು, ಊರು ಕೊಳವೆಬಾವಿಗೂ ಟ್ಯಾಂಕರಿಗೂ ಕೈಯೊಡ್ಡಿತು. ಅಲ್ಲಿ ಕಟ್ಟೆ ಒಡೆಯಲಿಲ್ಲ. ಕಟ್ಟೆಗೆ ನೀರು ತರುವ ದಾರಿ ಸೊರಗಿತು. ಕಾಲುವೆ ಮುಚ್ಚಿ, ಹೂಳು ತುಂಬಿ, ಅಂಗಳ ಒತ್ತುವರಿಯಾದರೆ ಕಲ್ಲುಕಟ್ಟಡ ಎಷ್ಟು ಗಟ್ಟಿಯಾಗಿದ್ದರೇನು?

ಇನ್ನು ಮುಳಬಾಗಿಲು, ಶ್ರೀನಿವಾಸಪುರಗಳ ಮಾತು. ಯರಗೋಳದ ಕೊಳಾಯಿ ಅವುಗಳನ್ನು ಮುಟ್ಟುವುದಿಲ್ಲ. 2018ರಿಂದ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಿಮಾಡಿ ಜಿಲ್ಲೆಯ ಕೆರೆಗಳಿಗೆ ತುಂಬಲಾಗುತ್ತಿದೆ. ಅದು ಅಂತರ್ಜಲಕ್ಕಾಗಿ ಬಂದ ನೀರು, ಕುಡಿಯುವುದಕ್ಕಲ್ಲ. ಫ್ಲೋರೈಡಿನ ನೀರನ್ನೇ ಕುಡಿದ ಹಳ್ಳಿಗಳು ಈ ಭೇದವನ್ನು ಚೆನ್ನಾಗಿ ಬಲ್ಲವು.

ಆದುದರಿಂದ ಅಧಿಕಾರಿವರ್ಗದವರಲ್ಲಿ ನಮ್ಮ ಅರಿಕೆ ಎರಡು. ಮಾರ್ಕಂಡೇಯದ ಜಲಾನಯನದ ಕೆರೆಕಾಲುವೆಗಳನ್ನು ಅಳೆದು, ಒತ್ತುವರಿ ತೆರವುಮಾಡಿ, ಅವುಗಳ ರಕ್ಷಣೆಯನ್ನು ಅಣೆಯ ರಕ್ಷಣೆಯ ಭಾಗವಾಗಿಯೇ ನಡೆಸಬೇಕು. ಅಣೆಯ ನೀರು ಸಿಗದ ತಾಲ್ಲೂಕುಗಳಿಗೆ ಶುದ್ಧವಾದ ಕುಡಿಯುವ ನೀರಿನ ಏರ್ಪಾಡು ವಿಳಂಬವಿಲ್ಲದೆ ಆಗಬೇಕು. ಪುರಜನರಲ್ಲಿ ಅರಿಕೆ ಒಂದೇ: ಮನೆಗೆ ಕೊಳಾಯಿ ಬಂದಿತೆಂದು ಊರ ಕೆರೆಯನ್ನು ಕಸದ ಗುಂಡಿ ಮಾಡಬೇಡಿ. ಪೂರ್ವಿಕರು ಒಂದೇ ಹೊಳೆಯನ್ನು ನಂಬಿ ಬಾಳಲಿಲ್ಲ; ಸಾವಿರಾರು ಕೆರೆಗಳನ್ನು ಕಟ್ಟಿ ಬಾಳಿದರು. ಅಣೆಯು ಆ ಕೆರೆಗಳಿಗೆ ಕಿರಿಯ ತಂಗಿಯಾಗಲಿ, ಸವತಿಯಾಗದಿರಲಿ.