ಊರೊಟ್ಟಿನ ಸೇಬಿನ ತೋಟಗಳು

ಇಂಗ್ಲೆಂಡಿನ ಸೌತ್‌ವೆಲ್ ಎಂಬ ಊರಿನಲ್ಲಿ 1809ರಲ್ಲಿ ಮೇರಿ ಆನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಒಂದಷ್ಟು ಸೇಬಿನ ಬೀಜ ಊರಿದಳು. ಅದರಲ್ಲೊಂದು ಮನೆಯಂಗಳದಲ್ಲಿ ಮರವಾಯಿತು. ಮುಂದೆ ಆ ಮನೆಯನ್ನು ಮಾಂಸದ ವ್ಯಾಪಾರಿ ಮ್ಯಾಥ್ಯೂ ಬ್ರ್ಯಾಮ್ಲಿ ಕೊಂಡ. 1856ರಲ್ಲಿ ಸಸಿ ಬೆಳೆಸುವ ಹೆನ್ರಿ ಮೆರಿವೆದರ್ ಬಂದು ಕಸಿಗೆ ಕಡ್ಡಿ ಕೇಳಿದಾಗ, ಹಣ್ಣಿಗೆ ತನ್ನ ಹೆಸರೇ ಇಡಬೇಕೆಂಬ ಷರತ್ತಿನ ಮೇಲೆ ಬ್ರ್ಯಾಮ್ಲಿ ಒಪ್ಪಿದ. ಇವತ್ತು ಬ್ರಿಟನ್ನಿನ ಮನೆಮನೆಯಲ್ಲಿ ಬೇಯುವ ಹುಳಿ ಸೇಬು ‘ಬ್ರ್ಯಾಮ್ಲಿ’ ಹುಟ್ಟಿದ್ದು ಹೀಗೆ.

ಸೇಬಿನ ಬೀಜ ಬಿತ್ತಿದರೆ ತಾಯಿಮರದ ಹಣ್ಣೇ ಸಿಗುತ್ತದೆಂಬ ಭರವಸೆಯಿಲ್ಲ. ತಳಿ ಉಳಿಯಬೇಕಾದರೆ ಕಸಿಯೇ ಆಗಬೇಕು. ಚಳಿಗಾಲದಲ್ಲಿ ಪೆನ್ಸಿಲ್ ದಪ್ಪದ ಕಡ್ಡಿ ಕತ್ತರಿಸಿ ತಂಪಾದ ಕಡೆ ಇಡುತ್ತಾರೆ. ವಸಂತ ಬರುತ್ತಿದ್ದಂತೆ ಕಡ್ಡಿಯನ್ನೂ ಬೇರುಸಸಿಯನ್ನೂ ಓರೆಯಾಗಿ ಕೊಯ್ದು, ತೊಗಟೆಯಡಿಯ ಹಸಿರು ಪದರ ಒಂದಕ್ಕೊಂದು ತಾಗುವಂತೆ ಕೂರಿಸಿ, ಪಟ್ಟಿ ಸುತ್ತಿ ಬಿಗಿಯುತ್ತಾರೆ. ಯಾರೂ ಕಸಿ ಮಾಡದೆ ಬಿಟ್ಟ ತಳಿ ಕೊನೆಯ ಮರದೊಂದಿಗೇ ಹೋಗುತ್ತದೆ.

ಅಂಗಡಿಗೆ ಬೇಕಾದದ್ದು ಒಂದೇ ಗಾತ್ರದ, ದೂರದ ಸಾಗಣೆ ತಾಳುವ ನಾಲ್ಕಾರು ತಳಿ. ಉಳಿದವನ್ನು ಕಾಯುವ ಕೆಲಸ ಕೆಂಟ್ ಪ್ರಾಂತ್ಯದ ಬ್ರಾಗ್‌ಡೇಲ್‌ನಲ್ಲಿ ನಡೆದಿದೆ. ಅಲ್ಲಿನ ರಾಷ್ಟ್ರೀಯ ಹಣ್ಣು ಸಂಗ್ರಹದಲ್ಲಿ 2,000ಕ್ಕೂ ಹೆಚ್ಚು ಸೇಬಿನ ತಳಿಗಳಿವೆ. ಆದರೆ ಊರಿನ ತಳಿ ಊರಿನಲ್ಲೇ ಬಾಳಬೇಕು. ‘ಕಾಮನ್ ಗ್ರೌಂಡ್’ ಎಂಬ ಸಂಸ್ಥೆ ಹಿಡಿದದ್ದು ಈ ದಾರಿ. 1990ರ ಅಕ್ಟೋಬರ್ 21ರಂದು ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಅದು ಮೊದಲ ‘ಸೇಬಿನ ದಿನ’ ಆಚರಿಸಿತು. ಊರೊಟ್ಟಿನ ತೋಟಗಳ ಕಲ್ಪನೆಯನ್ನೂ ಜನರ ಮುಂದಿಟ್ಟಿತು. ಇಂಥ ತೋಟಗಳಲ್ಲಿ ನೆರೆಹೊರೆಯವರು ಕೂಡಿ ಗಿಡ ನೆಡುತ್ತಾರೆ, ಸವರುತ್ತಾರೆ, ಕಸಿ ಕಲಿಯುತ್ತಾರೆ, ಹಣ್ಣು ಹಂಚಿಕೊಳ್ಳುತ್ತಾರೆ. ತೋಟದಲ್ಲಿ ಹಲವು ತಳಿ ಇರಲೇಬೇಕು: ಬ್ರ್ಯಾಮ್ಲಿ ಚೆನ್ನಾಗಿ ಕಾಯಿಕಟ್ಟಲು ಬೇರೆ ಸೇಬಿನ ಪರಾಗ ಬೇಕು, ಅದರ ಪರಾಗದಿಂದ ಮಾತ್ರ ಉಳಿದ ಮರಗಳಿಗೆ ಹೆಚ್ಚು ಪ್ರಯೋಜನವಿಲ್ಲ. ಹಳೆಯ ಮರದ ಟೊಳ್ಳೂ ವ್ಯರ್ಥವಲ್ಲ. ‘ನೋಬಲ್ ಚೇಫರ್’ ಎಂಬ ಅಪರೂಪದ ಹಸಿರು ದುಂಬಿಯ ಮರಿಹುಳು ಬೆಳೆಯುವುದೇ ಅಂಥ ಕೊಳೆತ ಮರದೊಳಗೆ.

ನಮ್ಮ ಮಲೆನಾಡಿನ ಅಪ್ಪೆಮಿಡಿ ಮಾವಿನದೂ ಇದೇ ಕಥೆ. ಬ್ರ್ಯಾಮ್ಲಿಯಂತೆ ‘ಅನಂತಭಟ್ಟನ ಅಪ್ಪೆ’ ಎಂಬ ತಳಿಯೂ ಒಬ್ಬರ ಹೆಸರು ಹೊತ್ತಿದೆ. ಬೀಜದ ಗಿಡದಲ್ಲಿ ತಾಯಿಮರದ ಪರಿಮಳ ಸಿಗುವುದು ಖಾತ್ರಿಯಿಲ್ಲದ್ದರಿಂದ ಶಿರಸಿ, ಸಾಗರ ಕಡೆಯ ಕೃಷಿಕರು ಕಸಿ ಕಟ್ಟಿಯೇ ಈ ತಳಿಗಳನ್ನು ಉಳಿಸಿಕೊಂಡಿದ್ದಾರೆ. ಸರ್ಕಾರಿ ಸಂಗ್ರಹಗಳು ಬೇಕು, ನಿಜ. ಆದರೆ ತಳಿಯ ಆಯಸ್ಸು ನಿಂತಿರುವುದು ಅದನ್ನು ಕೈಯಿಂದ ಕೈಗೆ ದಾಟಿಸುವ ಜನರ ಮೇಲೆ. ನಿಮ್ಮ ಹಿತ್ತಲಲ್ಲೋ ಊರ ಹೊಳೆಯಂಚಿನಲ್ಲೋ ಒಳ್ಳೆಯ ಹಳೆಯ ಮಾವು, ಹಲಸು ಇದ್ದರೆ ಅದರ ಹೆಸರನ್ನು ಹಿರಿಯರಿಂದ ಕೇಳಿ ಬರೆದಿಡಿ. ಮರ ಬೀಳುವ ಮೊದಲೇ ಕಸಿ ಮಾಡಿಸಿ, ಒಂದು ಸಸಿಯನ್ನಾದರೂ ನೆರೆಮನೆಗೆ ಕೊಡಿ.